ಹಸಿ ಬಣ್ಣದ ಅವ್ವ

ಚಿತ್ರದ ಬಣ್ಣ ಕಲಸುವ ಅಗಸಿ ಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಶಿಗ್ಗಾಂವದ ನಮ್ಮ ಪಡಸಾಲೆ ಕಣ್ಣಿಗೆ ಕಟ್ಟುತ್ತದೆ.

ಅವ್ವ ನನ್ನನ್ನು ಹೆತ್ತು, ನನ್ನ ಮುಖವನ್ನೂ ನೋಡದೆ ತೀರಿಹೋಗಿದ್ದಳು. ಅವಳದೊಂದು ಫೋಟೊ ಕೂಡ ಇರಲಿಲ್ಲ. ನನಗೆ ಆರೇಳು ವರ್ಷವಾದಾಗ ಅವಳ ಪಟ ಬರೆಯಲು ಅಪ್ಪ ಸವಣೂರಿನಿಂದ ಚಿತ್ರಗಾರನನ್ನು ಕರೆಸಿದ. ಅವ್ವನ ತಂಗಿ, ನಮ್ಮ ಚಿಗವ್ವ, ಅವ್ವನ ಇಳಕಲ್ ಸೀರೆ ಉಟ್ಟು ಎದುರಿಗೆ ಕುಳಿತಳು. ಅಜ್ಜಿ ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು.

"ಸೆರಗು ಇನ್ನಷ್ಟು ಮುಂದ ಬರ್ಲಿ. ವಿಭೂತಿ ತೆಳ್ಳಗ ಇರ್ಲಿ. ಆಕಿ ಅರ್ಧ ಒರಸಿಧಂಗ ಹಚ್ಚಿಕೊಂತಿದ್ಲು."

ಕೊನೆಯ ಮಧ್ಯಾಹ್ನ ಪಟದಲ್ಲಿ ಕಣ್ಣು ಬರೆಯುವುದು ಮಾತ್ರ ಉಳಿದಿತ್ತು. ಬಿಸಿಲಿಗೆ ಬಣ್ಣಗಳು ಬೆಣ್ಣೆಯಂತೆ ಮೆತ್ತಗೆ ಹೊಳೆಯುತ್ತಿದ್ದವು. ನನಗೆ ಜೊಂಪು ಹತ್ತಿತ್ತು.

"ಇವರ ಕಣ್ಣು ಅವರ್ನ ಹೋಲತಾವೇನ್ರಿ?" ಚಿತ್ರಗಾರ ಚಿಗವ್ವನ ಕಡೆ ತೋರಿಸಿ ಅಜ್ಜಿಯನ್ನು ಕೇಳಿದ.

"ಇಲ್ಲ," ಎಂದ ಅಜ್ಜಿ ನನ್ನನ್ನು ಎಳೆದುಕೊಂಡು, ಗದ್ದ ಹಿಡಿದು ಎತ್ತಿದಳು. "ಇಲ್ಲಿ ಅದಾವ ನೋಡ್ರಿ."

ಅವನು ನನ್ನನ್ನು ನೋಡಿ ನೋಡಿ ಬರೆದ. ನಾನು ರೆಪ್ಪೆ ಬಡಿಯದೆ ನಿಂತೆ.

"ಮುಟ್ಟಬ್ಯಾಡ, ಇನ್ನೂ ಹಸಿ ಐತಿ," ಎಂದು ಹೇಳಿ ಅಜ್ಜಿ ಒಳಗೆ ಹೋದಳು.

ನಾನು ಪಡಸಾಲೆಯ ಆ ಮೂಲೆಗೆ ಹೋದೆ, ಈ ಮೂಲೆಗೆ ಬಂದೆ. ಹೋದಲ್ಲೆಲ್ಲ ಅವ್ವ ನನ್ನನ್ನೇ ನೋಡುತ್ತಿದ್ದಳು.