ಒಂದೇ ಕುರ್ಚಿಯ ನಾಟಕ

ಹೊರದೇಶದವರ ಆಳ್ವಿಕೆ ಬಂದ ಮೇಲೆ ಒಂದು ಆಟಕ್ಕೆ ಒಬ್ಬನೇ ಪ್ರೇಕ್ಷಕ ಎಂಬ ಕಾಯಿದೆಯಾಗಿತ್ತು. ಬಂಡಾಯದ ಹಳೆಯ ಸಂಗೀತ ನಾಟಕಕ್ಕೆ ಇವತ್ತು ಜಮಖಾನೆ ನೇಯುವ ಈರಣ್ಣನ ಸರದಿ.

ನಟಿ ಅಂಬವ್ವ "ಏಳಿರಿ" ಎಂದು ಹಾಡಿದಾಗ ಹಿಂದೆಲ್ಲ ಇಡೀ ಥಿಯೇಟರು ಎದ್ದು ನಿಲ್ಲುತ್ತಿತ್ತು. ಈಗ ಅವನೊಬ್ಬನೇ ಎದ್ದ. ಹಾಡು ಮುಗಿದಾಗ ಅವನಿಗೆ ನಾಚಿಕೆಯಾಯಿತು.

"ಅಂಬವ್ವಾರ, ನನ್ನಂಗ ಬ್ಯಾರೆ ಯಾರರೆ ಎದ್ದಾರೇನ್ರಿ?"

ಬೇರೆ ಪ್ರೇಕ್ಷಕರ ಮಾತೆತ್ತಿದರೆ ಜೈಲು. ಬಾಗಿಲಲ್ಲಿ ಕಾವಲುಗಾರ ನಿಂತಿದ್ದ. ಅಂಬವ್ವ ಮುಖದ ಬಣ್ಣ ಒರೆಸಿಕೊಳ್ಳುತ್ತ, "ಜಮಖಾನಿ ಮತ್ತ ಸವದೈತಿ. ಹೊಸಾದು ನೇದು ಕೊಡಪ್ಪ, ವರ್ಷದಾಗ ಇದು ಮೂರನೇದು," ಎಂದಳು.

ಈರಣ್ಣ ಬಗ್ಗಿ ನೋಡಿದ. ಕುರ್ಚಿಯ ಮುಂದೆ ಎರಡು ಪಾದಗಳಷ್ಟು ಜಾಗ ಸವೆದು ನೆಲ ಕಾಣುತ್ತಿತ್ತು. ಕೂತವರ ಕಾಲಿಗೆ ಜಮಖಾನೆ ಹಾಗೆ ಸವೆಯುವುದಿಲ್ಲ.