ಚೀಲದೊಳಗಿನ ಕುಟ್ಟಾಣಿ

ಚೀಲ ನೆಲಕ್ಕೆ ತಾಗಿದರೆ ಮುಗಿಯಿತು ಎಂದು ಸ್ವಯಂಸೇವಕರನ್ನು ಆರಿಸುವ ಇಂಚರ ಮೊದಲೇ ಹೇಳಿದ್ದಳು. ತುರಹಳ್ಳಿ ಗುಡ್ಡವನ್ನು ಮೂರು ಸಲ ಹತ್ತಬೇಕು, ಬೆನ್ನ ಮೇಲೆ ಎಂಟು ಕೆಜಿಗೆ ಕಡಿಮೆ ಇರಬಾರದು. ಸುಧಾರಿಸಿಕೊಳ್ಳಲು ನಿಲ್ಲಬಹುದು, ನೀರು ಕುಡಿಯಬಹುದು, ಚೀಲವನ್ನು ಮಾತ್ರ ಇಳಿಸುವಂತಿಲ್ಲ. ಇಷ್ಟೆಲ್ಲ ಮಾಡಿ ಪಾಸಾದವರಿಗೆ ಸಿಗುವುದೇನು? ಘಟ್ಟದ ಮೇಲಿನ ಅಭಯಾರಣ್ಯದಲ್ಲಿ ಒಂದು ವಾರ ಲಂಟಾನ ಕಳೆ ಕೀಳುವ ಭಾಗ್ಯ! ಜೀಪು ಗೇಟಿನವರೆಗೆ ಮಾತ್ರ. ಅಲ್ಲಿಂದ ಕ್ಯಾಂಪಿಗೆ ಅವರವರ ಹೊರೆ ಅವರವರೇ ಹೊತ್ತು ಬೆಟ್ಟ ಹತ್ತಬೇಕು. ಫೋನಿಗೆ ಸಿಗ್ನಲ್ ಕೂಡ ಇಲ್ಲ.

ವಾರಿಜಾ ಎರಡು ಸಲ ಹತ್ತಿಳಿದು ಮೂರನೆಯ ಸಲಕ್ಕೆ ಬಂಡೆಗೆ ಕಾಲಿಟ್ಟಿದ್ದರು. ಅರವತ್ತು ದಾಟಿದ ಜೀವ. ಜಯನಗರದ ಶಾಲೆಯೊಂದರಲ್ಲಿ ಬಯಾಲಜಿ ಟೀಚರಾಗಿ, ಬೋರ್ಡಿನ ಮೇಲೆ ಘಟ್ಟದ ಶೋಲಾ ಕಾಡನ್ನು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿ ಬಿಡಿಸಿ ರಿಟೈರಾದವರು. ನಿಜವಾದ ಶೋಲಾದ ಒಳಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಅದು ಅವರಿಗೆ ನಾಚಿಕೆಯ ವಿಷಯವಾಗಿತ್ತು. ಈ ಸಲ ತಪ್ಪಿದರೆ ಮುಂದಿನ ವರ್ಷ ಮಂಡಿ ಒಪ್ಪುತ್ತದೋ ಇಲ್ಲವೋ ಯಾರಿಗೆ ಗೊತ್ತು?

ಹಿಂದೆ ಗಂಡ ಶಾಮಣ್ಣ ನೀರಿನ ಬಾಟಲಿ ಹಿಡಿದು ಬರುತ್ತಿದ್ದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅವರ ಸ್ಥಿತಿ ಹಾಗಿತ್ತು. ಹದಿನೈದು ದಿನದ ಕೆಳಗೆ, ಹೆಂಡತಿ ಅಕ್ಕಿ ತುಂಬಿದ ಚೀಲ ಹೊತ್ತು ಬಡಾವಣೆಯ ಪಾರ್ಕು ಸುತ್ತುವ ಅಭ್ಯಾಸ ಶುರುಮಾಡಿದಾಗ, ಅಡುಗೆಮನೆಯ ಕಲ್ಲಿನ ಕುಟ್ಟಾಣಿಯನ್ನು ಗುಂಡಿನ ಸಮೇತ ಆ ಚೀಲದ ತಳಕ್ಕೆ ತುರುಕಿದ್ದರು. ಭಾರಕ್ಕೆ ಬೇಸತ್ತು ತಾನಾಗಿಯೇ ಬಿಟ್ಟುಬಿಡುತ್ತಾಳೆ ಎಂದು ಲೆಕ್ಕ. ಊರಿಗೆಲ್ಲ ಹೇಳಿಕೊಂಡಿದ್ದು, "ಇವಳು ಹೋದ್ರೆ ನಂಗೆ ಕಾಫಿ ಯಾರ್ರೀ ಕೊಡ್ತಾರೆ?" ಎಂಬ ನೆಪ. ನಿಜ ಹೇಳಬೇಕೆಂದರೆ ಅವರಿಗೆ ಭಯ. ಆ ಬೆಟ್ಟದ ಮೇಲೆ ಇವಳಿಗೆ ಏನಾದರೂ ಆದರೆ ಸುದ್ದಿ ಕೂಡ ಬರುವುದಿಲ್ಲವಲ್ಲ ಎಂಬ ಭಯ. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಕಲ್ಲು ತುಂಬುವುದೇ ಅವರಿಗೆ ಸುಲಭವಾಗಿ ಕಂಡಿತ್ತು, ಗಂಡಸರೇ ಹಾಗೆ.

"ಸಾಕು ಬಿಡೇ, ಎಷ್ಟು ಏದುಸಿರು ಬಿಡ್ತಿದೀಯ ನೋಡು."

"ಬಿಡ್ತಿದೀನಲ್ಲ, ನಿಂತುಹೋದಾಗ ಹೇಳಿ."

ಬಿಟಿಎಂ ಲೇಔಟಿನಿಂದ ಬಂದಿದ್ದ ಹುಡುಗನೊಬ್ಬ ಅಷ್ಟರಲ್ಲೇ ಚೀಲ ಇಳಿಸಿ, ಅದರ ಮೇಲೆಯೇ ಕೂತು, "ಆಗಲ್ಲ ಗುರು" ಎಂದು ಕೈಚೆಲ್ಲಿದ. ವಾರಿಜಾ ಅವನತ್ತ ತಿರುಗಿ ನೋಡಿದ್ದೇ ತಪ್ಪಾಯಿತು. ಮರಳು ಹರಡಿದ್ದ ಕಲ್ಲಿನ ಮೇಲೆ ಕಾಲು ಜಾರಿತು. ಮಂಡಿ, ಎರಡೂ ಅಂಗೈ ಬಂಡೆಗೆ ಬಡಿದವು. ಬೆನ್ನ ಮೇಲಿನ ಭಾರ ಒಂದು ಪಕ್ಕಕ್ಕೆ ವಾಲಿ ಅವರನ್ನೂ ಎಳೆಯಿತು. ಚೀಲಕ್ಕೂ ನೆಲಕ್ಕೂ ನಡುವೆ ಒಂದು ಗೇಣು ಉಳಿದಿತ್ತು.

ಶಾಮಣ್ಣ ಬಾಟಲಿ ಬಿಸಾಕಿ ಓಡಿಬಂದರು. "ಚೀಲ ಕೊಡು ಇಲ್ಲಿ! ವಾರಿಜಾ, ಅದರೊಳಗೆ... ನಾನೇ..."

"ಮುಟ್ಟಬೇಡಿ! ನೀವು ಮುಟ್ಟಿದ್ರೂ ಫೇಲೇ. ಮಾತೇನಿದ್ರೂ ಮೇಲೆ ಹೋದ್ಮೇಲೆ."

ಹಲ್ಲುಕಚ್ಚಿ ಒಂದು ಕಾಲು ಊರಿದರು. ಇನ್ನೊಂದನ್ನೂ ಊರಿದರು. ಸೀರೆ ಬಿಟ್ಟು ಮಗಳ ಟ್ರ್ಯಾಕ್ ಪ್ಯಾಂಟ್ ತೊಟ್ಟು ಬಂದಿದ್ದರು, ಅದರ ಮಂಡಿಯಲ್ಲಿ ರಕ್ತ ಜಿನುಗುತ್ತಿತ್ತು. ಅಲ್ಲಿಂದ ತುದಿಯವರೆಗೆ ಒಂದೇ ಸಮನೆ ಹತ್ತಿದರು. ಶಾಮಣ್ಣ ಬಾಟಲಿ ಹೆಕ್ಕಿಕೊಂಡು ಹಿಂದೆಯೇ ಬಂದರು.

ಮೇಲೆ ಇಂಚರ ಕೊಕ್ಕೆ ತಕ್ಕಡಿ ಹಿಡಿದು ನಿಂತಿದ್ದಳು. ಕೆಳಗೆ ತೂಗಿದರೆ ಕೆಲವರು ದಾರಿಯಲ್ಲಿ ಪೊದೆಯೊಳಗೆ ಭಾರ ಇಳಿಸಿ ಬರುತ್ತಾರೆಂದು ಅವಳು ತೂಗುವುದೇ ಮೇಲೆ. ವಾರಿಜಾ ಅವರ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ಕಣ್ಣರಳಿಸಿದಳು.

"ಆಂಟಿ, ಹನ್ನೊಂದು ತೋರಿಸ್ತಿದೆ! ಏನ್ ತುಂಬ್ಕೊಂಡು ಬಂದಿದೀರ?"

"ನಮ್ಮನೆ ಕುಟ್ಟಾಣಿ ಕಣಮ್ಮ."

ವಾರಿಜಾ ಅಕ್ಕಿಯ ಪೊಟ್ಟಣಗಳನ್ನು ಸರಿಸಿ ಅದನ್ನು ಹೊರಗೆ ತೆಗೆದರು. ಶಾಮಣ್ಣನ ಮುಖ ಸಣ್ಣದಾಯಿತು.

"ನಿಂಗೆ... ಗೊತ್ತಿತ್ತಾ?"

"ದಿನಾ ಸಾರಿಗೆ ಮೆಣಸು ಜೀರಿಗೆ ಕುಟ್ಟೋಳು ನಾನು. ಕುಟ್ಟಾಣಿ ಮಾಯವಾದ್ರೆ ನಂಗೆ ಗೊತ್ತಾಗಲ್ವೇನ್ರೀ? ಹದಿನೈದು ದಿನದಿಂದ ಮಿಕ್ಸೀಲಿ ತಿರುವಿ ಹಾಕ್ತಿದೀನಿ. ಸಾರಿಗೆ ಘಮನೇ ಇಲ್ಲ ಅಂತ ನೀವೇ ಗೊಣಗಿದ್ರಿ. ಆದ್ರೂ ಹೊಳೀಲಿಲ್ಲ."

"ಮತ್ತೆ ತೆಗೆದು ಇಡೋದಲ್ವಾ? ಬಿದ್ದು ಏನಾದ್ರೂ ಆಗಿದ್ರೆ?"

"ತೆಗೆದಿದ್ರೆ ನೀವು ಇನ್ನೇನಾದ್ರೂ ತುಂಬ್ತಿದ್ರಿ. ಅದಕ್ಕೆ ಇದನ್ನೇ ಹೊತ್ತು ರೂಢಿ ಮಾಡ್ಕೊಂಡೆ. ಇನ್ಮೇಲೆ ಎಂಟು ಕೆಜಿ ನಂಗೆ ಹೂವಿನ ಬುಟ್ಟಿ."

ಇಂಚರ ನಗು ತಡೆಯಲಾರದೆ ಅತ್ತ ತಿರುಗಿ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಪಾಸ್ ಎಂದು ಗುರುತು ಹಾಕಿಕೊಂಡಳು. ವಾರಿಜಾ ಚೀಲವನ್ನು ಮತ್ತೆ ಬೆನ್ನಿಗೇರಿಸಿದರು. ಗಂಡನ ಕಣ್ಣು ಒದ್ದೆಯಾಗಿದ್ದು ಅವರಿಗೆ ಕಂಡಿತ್ತು. ಆದರೂ ಕುಟ್ಟಾಣಿಯನ್ನು ಎರಡೂ ಕೈಯಲ್ಲಿ ಎತ್ತಿ ಅವರ ಕೈಗೇ ಇಟ್ಟರು.

"ಹಿಡ್ಕೊಳ್ಳಿ. ಬರೋ ವಾರ ನೀವೇ ಕುಟ್ಕೊಂಡು ಸಾರು ಮಾಡ್ಕೋಬೇಕು. ಇಳಿಯೋವಾಗ ಹುಷಾರು, ಎಲ್ಲೂ ಕೆಳಗಿಡೋ ಹಾಗಿಲ್ಲ. ನೆಲಕ್ಕೆ ತಾಗಿದ್ರೆ ಫೇಲು."