ಒಂದೇ ದಿನದ ಓದುಗರು

ದೊಡ್ಡಪ್ಪ ಅನಂತಪದ್ಮನಾಭ ಲ್ಯಾಪ್‌ಟಾಪನ್ನು ಲಹರಿಯ ಕಡೆ ತಿರುಗಿಸಿದರು. “ಇಲ್ನೋಡು, ನಿನ್ನೆ ಒಂದೇ ದಿನ ನನ್ನ ಸೈಟಿಗೆ ಸಾವಿರಾರು ಜನ ಬಂದಿದ್ದಾರೆ ಕಣೇ! ಕೆಲವರು ಮೊಬೈಲಿಂದ, ಕೆಲವರು ಕಂಪ್ಯೂಟರಿಂದ. ಮೈಸೂರಿನ ಹಳೇ ಮಾತುಗಳು ಯಾರಿಗೆ ಬೇಕು ಅಂತ ನಿಮ್ಮ ದೊಡ್ಡಮ್ಮ ಅಣಕಿಸ್ತಿದ್ಲು.”

ಆ ಸಾವಿರಾರು ಜನರೂ ಲಹರಿಯೇ. ಕಂಪ್ಯೂಟರಿಗೆ ಕನ್ನಡ ಕಲಿಸಲು ಅವಳ ಕಂಪನಿಗೆ ರಾಶಿಗಟ್ಟಲೆ ಕನ್ನಡ ಬರಹ ಬೇಕಿತ್ತು. ದೊಡ್ಡಪ್ಪ ಇಡೀ ಆಯುಷ್ಯ ಕೂಡಿಹಾಕಿದ ಪದಗಳ ಸೈಟು, ಪುಟಗಳನ್ನು ತಾನಾಗಿ ನಕಲು ಮಾಡಿಕೊಳ್ಳುವ ಅವಳ ಪ್ರೋಗ್ರಾಮನ್ನು ಯಂತ್ರವೆಂದು ಗುರುತಿಸಿ ತಡೆದಿತ್ತು. ಕೇಳಿದ್ದರೆ ಅವರೇ ಸಂತೋಷದಿಂದ ಕೊಡುತ್ತಿದ್ದರು. “ಕೇಳಿದ್ರೆ ಅವರ ಹೆಸರು ಹಾಕ್ಬೇಕಾಗುತ್ತೆ, ಬೇಡ ಬಿಡಿ,” ಎಂದಿದ್ದ ಮ್ಯಾನೇಜರ್ ಸುದರ್ಶನ. ಹಾಗಾಗಿ, ಪುಟ ಕೇಳುವಾಗ ಪ್ರೋಗ್ರಾಮು ತಾನು ಯಾರೆಂದು ಹೇಳಿಕೊಳ್ಳುವ ಹೆಡರನ್ನು ಅವಳು ತಿದ್ದಿದಳು. ಅದು ಒಂದು ಪುಟಕ್ಕೆ ಮೊಬೈಲ್ ಎಂದಿತು, ಮತ್ತೊಂದಕ್ಕೆ ಕಂಪ್ಯೂಟರ್ ಎಂದಿತು. ಸೈಟು ನಂಬಿ, ಪ್ರತಿ ಸಲವೂ ಹೊಸ ಓದುಗರು ಬಂದರೆಂದು ಎಣಿಸಿ, ಎಲ್ಲವನ್ನೂ ಕೊಟ್ಟುಬಿಟ್ಟಿತು.

“ಈ ತಿಂಗಳು ಸೈಟ್ ಮುಚ್ಚಿಬಿಡೋಣ ಅಂತಿದ್ದೆ. ಇನ್ನು ಮುಚ್ಚಲ್ಲ,” ಎಂದರು ದೊಡ್ಡಪ್ಪ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ. “ಆದ್ರೆ ಅಷ್ಟು ಜನದಲ್ಲಿ ಒಬ್ಬರಾದ್ರೂ ಎರಡು ಸಾಲು ಬರೀಲಿಲ್ಲ ನೋಡು. ಯಾಕಿರ್ಬಹುದು?”

ಹೇಳಿಯೇ ಬಿಡಬೇಕೆಂದು ಲಹರಿ ಬಾಯಿ ತೆರೆದಳು. ಅವರ ಮುಖ ನೋಡಿದಳು.

“ಸಂಕೋಚ ಇರ್ಬೇಕು ದೊಡ್ಡಪ್ಪ.”

“ಅದೇ ಇರ್ಬೇಕು. ನಮ್ಮ ಊರಿನವರಿಗೆ ಸಂಕೋಚ ಜಾಸ್ತಿ,” ಎಂದು ನಕ್ಕ ಅವರು ಕನ್ನಡಕ ಹಾಕಿಕೊಂಡು, ಆ ಓದುಗರಿಗಾಗಿ ಹೊಸ ಪದವೊಂದರ ಅರ್ಥ ಬರೆಯಲು ಕುಳಿತರು.